ಲಂಡನ್‌ನಲ್ಲಿ ಯಾವ ಪಾರ್ಕ್‌ಗೆ ಹೋಗೋದು? ದಿನಕ್ಕೆ ಒಂದನ್ನೇ ಆರಿಸಿಕೊಳ್ಳುವವರಿಗೆ

ಮಕ್ಕಳ ಮನೆಗೆ ಅಂತ ಲಂಡನ್‌ಗೆ ಬರುವ ಅಪ್ಪ ಅಮ್ಮಂದಿರು ಮೊದಲ ವಾರ ಹುರುಪಿನಲ್ಲೇ ಇರುತ್ತಾರೆ. ಬಿಗ್ ಬೆನ್ ಆಯಿತು, ಟವರ್ ಬ್ರಿಡ್ಜ್ ಆಯಿತು, ಮ್ಯೂಸಿಯಂ ಆಯಿತು. ಎರಡನೇ ವಾರಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ. "ಇವತ್ತು ಎಲ್ಲಾದರೂ ಗಿಡ ಮರ ಇರೋ ಕಡೆ ಕರ್ಕೊಂಡು ಹೋಗೇ, ಸುಮ್ನೆ ಕೂತ್ಕೊಂಡು ಬರೋಣ" ಅಂತ ನಮ್ಮಮ್ಮ ಒಂದು ಬೆಳಗ್ಗೆ ಕೇಳಿದರು.

ಅವತ್ತು ನಾನು ಮಾಡಿದ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಮ್ಯಾಪ್‌ನಲ್ಲಿ ನೋಡಿದರೆ ಸೇಂಟ್ ಜೇಮ್ಸ್ ಪಾರ್ಕ್, ಗ್ರೀನ್ ಪಾರ್ಕ್, ಹೈಡ್ ಪಾರ್ಕ್, ಕೆನ್ಸಿಂಗ್ಟನ್ ಗಾರ್ಡನ್ಸ್ ನಾಲ್ಕೂ ಒಂದರ ಪಕ್ಕ ಒಂದು ಸಾಲಾಗಿ ಇವೆ. ಒಂದೇ ದಿನ ಎಲ್ಲವನ್ನೂ ಮುಗಿಸಿಬಿಡೋಣ ಅಂತ ಹೊರಟೆ. ಮನೆಗೆ ಬರುವಷ್ಟರಲ್ಲಿ ಅಮ್ಮನ ಪಾದ ಊದಿತ್ತು. ಏನೇನು ನೋಡಿದಿರಿ ಅಂತ ಊರಿಂದ ಅಪ್ಪ ಫೋನಿನಲ್ಲಿ ಕೇಳಿದರೆ ಅಮ್ಮನಿಗೆ ಹುಲ್ಲು, ಮರ, ಬಾತುಕೋಳಿ ಬಿಟ್ಟು ಬೇರೇನೂ ನೆನಪಿರಲಿಲ್ಲ.

ಆಮೇಲೆ ದಿನಕ್ಕೆ ಒಂದೇ ಪಾರ್ಕ್ ಅಂತ ಗೊತ್ತು ಮಾಡಿಕೊಂಡೆವು. ಹಾಗಾದರೆ ಯಾವುದು? ಹೆಸರು ದೊಡ್ಡದು ಅಂತ ಆರಿಸಬೇಡಿ. ಜೊತೆಯಲ್ಲಿ ಯಾರಿದ್ದಾರೆ, ಎಷ್ಟು ನಡೆಯುತ್ತಾರೆ, ಈಗ ಯಾವ ತಿಂಗಳು, ಈ ಮೂರನ್ನು ಕೇಳಿಕೊಂಡರೆ ಉತ್ತರ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ದುಡ್ಡಿನ ಚಿಂತೆ ಅಷ್ಟಿಲ್ಲ. ಲಂಡನ್‌ನ ಎಂಟು ರಾಯಲ್ ಪಾರ್ಕ್‌ಗಳು ಸೇರಿ ಸುಮಾರು 5,000 ಎಕರೆ. ಯಾವುದಕ್ಕೂ ಪ್ರವೇಶ ಶುಲ್ಕ ಇಲ್ಲ. ಇಲ್ಲಿ ಹೇಳುವವುಗಳಲ್ಲಿ ದುಡ್ಡು ಕೊಟ್ಟು ಹೋಗಬೇಕಾದ ದೊಡ್ಡ ತೋಟ ಒಂದೇ, ಅದು ಕ್ಯೂ ಗಾರ್ಡನ್ಸ್. ಎಲ್ಲರೂ ಮೊದಲು ಕೇಳುವುದೂ ಅದನ್ನೇ. ಅದರಿಂದಲೇ ಶುರು ಮಾಡೋಣ.

ಕ್ಯೂ ಗಾರ್ಡನ್ಸ್‌ಗೆ ಅಷ್ಟು ದುಡ್ಡು ಕೊಡಬೇಕಾ?

ಬೇಸಿಗೆಯಲ್ಲಿ ಒಬ್ಬರಿಗೆ ಇಪ್ಪತ್ತು ಪೌಂಡ್‌ಗಿಂತ ಜಾಸ್ತಿ ಆಗುತ್ತದೆ. ನಾಲ್ಕು ಜನ ಹೋದರೆ ರೂಪಾಯಿ ಲೆಕ್ಕದಲ್ಲಿ ಎದೆ ಧಸಕ್ಕೆನ್ನುತ್ತದೆ. ಚಳಿಗಾಲದಲ್ಲಿ ಕಡಿಮೆ. ಆದರೂ ನನ್ನನ್ನು ಕೇಳಿದರೆ, ಬೆಂಗಳೂರಿನವರು ಲಂಡನ್‌ನಲ್ಲಿ ಒಂದೇ ಒಂದು ತೋಟಕ್ಕೆ ದುಡ್ಡು ಕೊಡುವುದಾದರೆ ಇದಕ್ಕೇ ಕೊಡಬೇಕು.

ಯಾಕೆ ಅಂದರೆ ಇದು ಲಾಲ್‌ಬಾಗ್‌ನ ನೆಂಟ. ರಾಜಮನೆತನದ ಅಗಸ್ಟಾ ಇಲ್ಲಿ ಸಸ್ಯತೋಟ ಶುರು ಮಾಡಿದ್ದು 1759ರಲ್ಲಿ. ಅದರ ಮರುವರ್ಷ, 1760ರಲ್ಲಿ, ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರು ಮಾಡಿದ. ಆಗ ಒಂದಕ್ಕೊಂದು ಸಂಬಂಧ ಇರಲಿಲ್ಲ. ಸಂಬಂಧ ಬೆಳೆದದ್ದು ನೂರು ವರ್ಷ ಕಳೆದ ಮೇಲೆ. 1874ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದ ಜಾನ್ ಕ್ಯಾಮರಾನ್ ಕ್ಯೂನಲ್ಲಿ ಕೆಲಸ ಕಲಿತವರು. ನಾವು ಪಲ್ಯ, ಸಾಂಬಾರಿಗೆ ಹಾಕುವ ಸೀಮೆ ಬದನೆಕಾಯಿಯನ್ನು ಬೆಂಗಳೂರಿಗೆ ತಂದ ಹೆಸರು ಅವರದ್ದೇ. ಲಾಲ್‌ಬಾಗ್‌ನ ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲಿ. ಆಮೇಲೆ 1908ರಲ್ಲಿ ಅವರ ಜಾಗಕ್ಕೆ ಬಂದ ಕ್ರುಂಬಿಗಲ್ ಹುಟ್ಟಿದ್ದು ಜರ್ಮನಿಯಲ್ಲಾದರೂ, ಕ್ಯೂನಲ್ಲಿ ಕೆಲಸ ಮಾಡಿದ್ದವರು. ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್ ಮಾಡಿದವರಿಗೆ ಇಲ್ಲಿನ ದಾರಿಗಳು, ಹೆಸರಿನ ಫಲಕ ಹೊತ್ತ ಮರಗಳು, ನಡುವೆ ಗಾಜಿನ ಮನೆ, ಎಲ್ಲಾ ಎಲ್ಲೋ ನೋಡಿದ ಹಾಗೇ ಅನಿಸುತ್ತದೆ.

ಪಾಮ್ ಹೌಸ್ ಅಂತ ಒಂದಿದೆ, 1844ರಿಂದ 1848ರವರೆಗೆ ಕಟ್ಟಿದ ಕಬ್ಬಿಣ ಮತ್ತು ಗಾಜಿನ ಮನೆ. ನಾವು ಹೋದದ್ದು ಮಾರ್ಚ್ ತಿಂಗಳು, ಹೊರಗೆ ಕೊರೆಯುವ ಗಾಳಿ. ಬಾಗಿಲು ದೂಡಿ ಒಳಗೆ ಕಾಲಿಟ್ಟ ಕೂಡಲೇ ಅಮ್ಮನ ಕನ್ನಡಕ ಪೂರ್ತಿ ಮಂಜಾಯಿತು. ಅವರು ಅದನ್ನು ತೆಗೆದು ಸೆರಗಿನಲ್ಲಿ ಒರೆಸುತ್ತಾ ಹಾಗೇ ನಿಂತರು. ಬೆಚ್ಚಗಿನ ಹಸಿ ಗಾಳಿ, ಒದ್ದೆ ಮಣ್ಣಿನ ವಾಸನೆ. ಮೇಲಿಂದ ಎಲ್ಲೋ ಒಂದು ಹನಿ ಬಾಳೆ ಎಲೆಯ ಮೇಲೆ ಟಪ್ ಅಂತ ಬಿತ್ತು. ಕನ್ನಡಕ ಹಾಕಿಕೊಂಡು ನೋಡಿದರೆ ಎದುರಿಗೆ ಬಾಳೆ, ಅದರಾಚೆ ಕೋಕೋ, ತಾಳೆ ಜಾತಿಯ ಮರಗಳು. "ಅಯ್ಯೋ, ಇದು ನಮ್ಮ ಉಡುಪಿ ಕಡೆ ಮಳೆ ನಿಂತ ಮೇಲೆ ಇರುತ್ತಲ್ಲ, ಹಾಗೇ ಇದೆ ಕಣೇ" ಅಂದರು. ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟು ಅರ್ಧ ಗಂಟೆ ಹೊರಗೆ ಬರಲಿಲ್ಲ. ಲಂಡನ್‌ಗೆ ಬಂದ ಮೇಲೆ ಅವರಿಗೆ ಮೈ ಬೆಚ್ಚಗಾಗಿದ್ದು ಅಲ್ಲೇ ಮೊದಲು.

ಅದೇ ಮನೆಯಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ ಒಂದು ಸೈಕಾಡ್ ಗಿಡ ಇದೆ. ಕುಂಡದಲ್ಲಿ ಬದುಕಿರುವ ಗಿಡಗಳಲ್ಲಿ ಪ್ರಪಂಚದಲ್ಲೇ ತುಂಬಾ ಹಳೆಯದು ಅಂತ ಅದಕ್ಕೆ ಹೆಸರು. ಎರಡೂವರೆ ಶತಮಾನದಿಂದ ಯಾರೋ ಒಬ್ಬರು ಅದಕ್ಕೆ ನೀರು ಹಾಕುತ್ತಲೇ ಬಂದಿದ್ದಾರೆ ಅಲ್ವಾ? ನನಗೆ ಆ ಗಿಡದ ಮುಂದೆ ನಿಂತಾಗ ಅದೇ ಯೋಚನೆ. ಒಂದು ಮಾತು: ಪಾಮ್ ಹೌಸ್‌ಗೆ ದೊಡ್ಡ ದುರಸ್ತಿ ಆಗಬೇಕಿದೆ. ತೆರೆದಿದೆಯಾ ಅಂತ ನೋಡಿಕೊಂಡೇ ಟಿಕೆಟ್ ಕೊಳ್ಳಿ. ಅದು ಮುಚ್ಚಿದ್ದರೂ ಟೆಂಪರೇಟ್ ಹೌಸ್ ಇದೆ. ವಿಕ್ಟೋರಿಯಾ ಕಾಲದ ಗಾಜಿನ ಮನೆಗಳಲ್ಲಿ ಈಗ ಉಳಿದಿರುವ ಅತಿ ದೊಡ್ಡದು ಅದೇ. ಐದು ವರ್ಷ ದುರಸ್ತಿ ಮಾಡಿ 2018ರಲ್ಲಿ ಮತ್ತೆ ತೆರೆದರು. ಕಾಲು ಸೋತವರನ್ನು ಮರಿಯಾನ್ ನಾರ್ತ್ ಗ್ಯಾಲರಿಯಲ್ಲಿ ಕೂರಿಸಿ. ದೇಶ ದೇಶ ಸುತ್ತಿ, ಭಾರತಕ್ಕೂ ಬಂದು ಗಿಡ ಹೂವುಗಳ ಚಿತ್ರ ಬರೆದ ಹೆಣ್ಣುಮಗಳು ಆಕೆ. ಎಂಟುನೂರಕ್ಕೂ ಜಾಸ್ತಿ ಚಿತ್ರಗಳು ಗೋಡೆ ಒಂಚೂರೂ ಕಾಣದ ಹಾಗೆ ತುಂಬಿವೆ.

ಕ್ಯೂನ ಕೊರತೆಯನ್ನೂ ಹೇಳಬೇಕು. ಹೀಥ್ರೂಗೆ ಇಳಿಯುವ ವಿಮಾನಗಳು ತಲೆ ಮೇಲೇ ಹೋಗುತ್ತವೆ, ಒಂದರ ಹಿಂದೆ ಒಂದು. ಶಾಂತವಾಗಿ ಕೂರಬೇಕು ಅಂತಲೇ ಬಂದವರಿಗೆ ಇದು ಕಿರಿಕಿರಿ. ಮತ್ತೆ ಎರಡು ಗಂಟೆ ಮಾತ್ರ ಸಮಯ ಇದ್ದರೆ ಹೋಗಲೇಬೇಡಿ. ಮುನ್ನೂರು ಎಕರೆಗೂ ಮೇಲಿನ ತೋಟ ಅದು. ಬೆಳಗ್ಗೆ ಹತ್ತಕ್ಕೆ ಹೋಗಿ ಸಂಜೆವರೆಗೆ ಇದ್ದರೆ ಮಾತ್ರ ಟಿಕೆಟ್ ದುಡ್ಡು ಹುಟ್ಟುತ್ತದೆ. ಡಿಸ್ಟ್ರಿಕ್ಟ್ ಲೈನ್‌ನ ಕ್ಯೂ ಗಾರ್ಡನ್ಸ್ ಸ್ಟೇಷನ್‌ನಿಂದ ಐದಾರು ನಿಮಿಷದ ನಡಿಗೆ. ಮಳೆ ಹಿಡಿದ ದಿನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಲಾಲ್‌ಬಾಗ್ ಗಾಜಿನ ಮನೆಗೆ ಮಾದರಿ ಆಯಿತು ಅನ್ನುವ ಕ್ರಿಸ್ಟಲ್ ಪ್ಯಾಲೇಸ್ ನೋಡಬೇಕು ಅಂತ ಕೆಲವರು ಹೈಡ್ ಪಾರ್ಕ್‌ಗೆ ಹೋಗುತ್ತಾರೆ. 1851ರ ಮಹಾ ಪ್ರದರ್ಶನಕ್ಕೆ ಅದನ್ನು ಕಟ್ಟಿದ್ದು ಅಲ್ಲೇ, ನಿಜ. ಆದರೆ ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ದಕ್ಷಿಣ ಲಂಡನ್‌ನ ಸಿಡೆನ್‌ಹ್ಯಾಮ್‌ಗೆ ಸಾಗಿಸಿದರು. 1936ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಈಗ ಹೈಡ್ ಪಾರ್ಕ್‌ನಲ್ಲಿ ಅದರ ಜಾಗದಲ್ಲಿ ಬರೀ ಹುಲ್ಲು. ಗಾಜಿನ ಮನೆ ನೋಡುವ ಆಸೆ ಇದ್ದರೆ ಕ್ಯೂಗೇ ಹೋಗಿ.

ಊರ ನಡುವೆ: ಸೇಂಟ್ ಜೇಮ್ಸ್ ಪಾರ್ಕಾ, ಹೈಡ್ ಪಾರ್ಕಾ?

ಒಂದು ಗಂಟೆ ಇದೆ, ಅರಮನೆಯನ್ನೂ ನೋಡಬೇಕು ಅಂದರೆ ಸೇಂಟ್ ಜೇಮ್ಸ್. ಬರೀ 57 ಎಕರೆ. ಕೆರೆಯ ಮೇಲಿನ ಪುಟ್ಟ ಸೇತುವೆಯ ನಡುವೆ ನಿಂತರೆ ಒಂದು ಕಡೆ ಬಕಿಂಗ್‌ಹ್ಯಾಮ್ ಅರಮನೆ, ಇನ್ನೊಂದು ಕಡೆ ಹಾರ್ಸ್ ಗಾರ್ಡ್ಸ್ ಕಟ್ಟಡದ ಗೋಪುರಗಳು. ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ರಾಜ ಎರಡನೇ ಚಾರ್ಲ್ಸ್‌ಗೆ ಉಡುಗೊರೆ ಕೊಟ್ಟಂದಿನಿಂದ ಇಲ್ಲಿ ಈ ಹಕ್ಕಿಗಳನ್ನು ಸಾಕುತ್ತಾ ಬಂದಿದ್ದಾರೆ. ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮೀನು ಹಾಕುತ್ತಾರೆ. ಮಕ್ಕಳಿದ್ದರೆ ಆ ಹೊತ್ತಿಗೇ ಹೋಗಿ. ಅಳಿಲು ಹತ್ತಿರ ಬಂತು ಅಂತ ಕಡಲೆಬೀಜ ಹಾಕಬೇಡಿ. ಪ್ರಾಣಿ ಪಕ್ಷಿಗಳಿಗೆ ತಿನ್ನಲು ಕೊಡಬೇಡಿ ಅಂತ ಪಾರ್ಕಿನವರೇ ಕೇಳಿಕೊಳ್ಳುತ್ತಾರೆ.

ಹೈಡ್ ಪಾರ್ಕ್ 350 ಎಕರೆ. ಅರ್ಧ ದಿನ ಬೇಕು. ನಿಜ ಹೇಳಬೇಕು ಅಂದರೆ, ಹೆಸರು ಕೇಳಿ ಬಂದವರಿಗೆ ಇದು ಸ್ವಲ್ಪ ಬೋಳು ಅನಿಸಬಹುದು. ಬೇಸಿಗೆಯಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮಗಳಿಗೆ, ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಜಾತ್ರೆಗೆ ಒಂದಷ್ಟು ಭಾಗಕ್ಕೆ ಬೇಲಿ ಹಾಕಿಬಿಡುತ್ತಾರೆ. ಶಾಂತಿ ಬೇಕಾದವರು ಸರ್ಪೆಂಟೈನ್ ಕೆರೆ ದಾಟಿ ಪಕ್ಕದ ಕೆನ್ಸಿಂಗ್ಟನ್ ಗಾರ್ಡನ್ಸ್ ಕಡೆ ಹೋಗುವುದು ಒಳ್ಳೆಯದು. ನನಗಂತೂ ಎರಡರಲ್ಲಿ ಕೆನ್ಸಿಂಗ್ಟನ್ನೇ ಇಷ್ಟ. ಮರಗಳ ಸಾಲು ದಟ್ಟ, ಜನ ಕಡಿಮೆ, ಚಿಕ್ಕ ಮಕ್ಕಳಿಗೆ ಡಯಾನಾ ಹೆಸರಿನ ಆಟದ ಮೈದಾನ ಇದೆ, ಅದರ ನಡುವೆ ಮರದ ಹಡಗು ಇದೆ.

ಅಲ್ಲಿ ಅಮ್ಮ ಒಮ್ಮೆ ಬೆಂಚಿನಿಂದ ತಟ್ಟನೆ ತಲೆ ಎತ್ತಿ "ಗಿಣಿ!" ಅಂದರು. ನಾನು ನಂಬಲಿಲ್ಲ. ಕೀಂ ಕೀಂ ಅಂತ ಕಿರುಚುತ್ತಾ ಐದಾರು ಹಸಿರು ಹಕ್ಕಿಗಳು ಎಲೆ ಉದುರಿದ ಮರದ ಮೇಲೆ ಬಂದು ಕೂತವು. ಕೆಂಪು ಕೊಕ್ಕು, ಉದ್ದ ಬಾಲ, ಕುತ್ತಿಗೆ ಸುತ್ತ ಗುಲಾಬಿ ಪಟ್ಟಿ. ನಮ್ಮ ಊರಿನ ಗಿಳಿಯ ಜಾತಿಯೇ. ಪಂಜರದಿಂದ ತಪ್ಪಿಸಿಕೊಂಡ, ಜನ ಬಿಟ್ಟುಬಿಟ್ಟ ಗಿಳಿಗಳ ಸಂತಾನ ಐವತ್ತು ವರ್ಷದಿಂದ ಲಂಡನ್‌ನ ಚಳಿಯಲ್ಲೇ ಬದುಕಿ ಬೆಳೆದಿದೆ. ಕ್ಯೂನಲ್ಲೂ, ರಿಚ್ಮಂಡ್‌ನಲ್ಲೂ ಕಾಣುತ್ತವೆ.

ಗ್ರೀನ್ ಪಾರ್ಕ್‌ಗೆ ಅಂತಲೇ ಹೋಗುವ ಅಗತ್ಯ ಇಲ್ಲ. ಅಲ್ಲಿ ಹೂವಿನ ಪಾತಿಗಳೇ ಇಲ್ಲ. ಮಾರ್ಚ್‌ನಲ್ಲಿ ಹಳದಿ ಡ್ಯಾಫೋಡಿಲ್ ಅರಳಿದಾಗ ಮಾತ್ರ, ಅರಮನೆ ಕಡೆ ನಡೆಯುವಾಗ ಆ ದಾರಿ ಹಿಡಿಯಿರಿ.

ಗುಲಾಬಿಗೆ ಅಂದರೆ ರೀಜೆಂಟ್ಸ್ ಪಾರ್ಕ್

ಜೂನ್ ಮೊದಲ ಎರಡು ವಾರ ನೀವು ಲಂಡನ್‌ನಲ್ಲಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ರೀಜೆಂಟ್ಸ್ ಪಾರ್ಕ್ ಒಳಗಿನ ಕ್ವೀನ್ ಮೇರಿ ಗಾರ್ಡನ್ಸ್‌ನಲ್ಲಿ ಸುಮಾರು 12,000 ಗುಲಾಬಿ ಗಿಡಗಳಿವೆ. ಒಂದೊಂದು ಪಾತಿಗೆ ಒಂದೊಂದೇ ಜಾತಿ. ಹಾಗಾಗಿ ಇಡೀ ಪಾತಿ ಒಂದೇ ಬಣ್ಣ, ಒಂದೇ ವಾಸನೆ. ಪಾತಿಯ ಮುಂದೆ ಬಗ್ಗಿ ಮೂಸಿ, ಮುಂದಿನದಕ್ಕೆ ಹೋಗಿ ಮೂಸಿ, ಹೀಗೇ ಒಂದು ಗಂಟೆ ಕಳೆದುಹೋಗುತ್ತದೆ. ನೆಲ ಸಮತಟ್ಟು, ಬೆಂಚುಗಳು ಬೇಕಾದಷ್ಟು, ಬೇಕರ್ ಸ್ಟ್ರೀಟ್ ಸ್ಟೇಷನ್‌ನಿಂದ ದೂರ ಇಲ್ಲ. ಮಂಡಿ ನೋವಿನವರಿಗೆ ಇದಕ್ಕಿಂತ ಸುಲಭದ ಪಾರ್ಕ್ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಹೋದರೆ ಮಾತ್ರ ಕತ್ತರಿಸಿದ ಕಡ್ಡಿಗಳಷ್ಟೇ ಕಾಣುತ್ತವೆ.

ಊರನ್ನು ಎತ್ತರದಿಂದ ನೋಡಲು ಮೂರು ಗುಡ್ಡಗಳು

ಪ್ರಿಮ್‌ರೋಸ್ ಹಿಲ್, ಪಾರ್ಲಿಮೆಂಟ್ ಹಿಲ್, ಗ್ರಿನಿಚ್. ಮೂರೂ ಬಿಟ್ಟಿ, ಮೂರರಿಂದಲೂ ಲಂಡನ್ ಕಾಣುತ್ತದೆ. ಆದರೆ ಮೂರು ಬೇರೆ ಬೇರೆ ದಿನಗಳಿಗೆ.

ಪ್ರಿಮ್‌ರೋಸ್ ಹಿಲ್ ರೀಜೆಂಟ್ಸ್ ಪಾರ್ಕ್‌ನ ಪಕ್ಕದಲ್ಲೇ ಇದೆ, ಎತ್ತರ 63 ಮೀಟರ್ ಅಷ್ಟೇ. ಸಂಜೆ ಆಫೀಸ್ ಮುಗಿಸಿ ಸೂರ್ಯ ಮುಳುಗುವಾಗ ಹೋಗಿ ಬರಲು ಚೆನ್ನ. ಬಿಸಿಲಿನ ಶನಿವಾರ ಭಾನುವಾರ ತುದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಪಾರ್ಲಿಮೆಂಟ್ ಹಿಲ್ ಇರುವುದು ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ, 98 ಮೀಟರ್. ಹೀತ್ ಅಂದರೆ ತೋಟ ಅಲ್ಲ, ಸುಮಾರು 800 ಎಕರೆಯ ಕಾಡು ಹುಲ್ಲುಗಾವಲು. ಊರೊಳಗಿದ್ದೇವೆ ಅನ್ನುವುದು ಮರೆತೇ ಹೋಗುತ್ತದೆ. ನಡೆಯುವ ಹುಮ್ಮಸ್ಸು ಇರುವವರಿಗೆ ಮೂರರಲ್ಲಿ ಇದೇ ಮೇಲು. ಗುಡ್ಡದ ಮೇಲೆ ಗಾಳಿ ಚೆನ್ನಾಗಿ ಬೀಸುತ್ತದೆ, ಗಾಳಿಪಟ ಹಾರಿಸುವವರು ಇದ್ದೇ ಇರುತ್ತಾರೆ. ಹೀತ್‌ನ ಕೆರೆಗಳಲ್ಲಿ ಈಜಬಹುದು, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಎಲ್ಲರಿಗೂ ಸೇರಿ ಒಂದು. ಉತ್ತರದ ತುದಿಯಲ್ಲಿ ಕೆನ್‌ವುಡ್ ಹೌಸ್ ಅನ್ನುವ ದೊಡ್ಡ ಬಂಗಲೆ. ಅದರೊಳಗೆ ರೆಂಬ್ರಾಂಟ್ ತನ್ನದೇ ಮುಖ ಬರೆದುಕೊಂಡ ಚಿತ್ರವನ್ನು ದುಡ್ಡು ಕೊಡದೆ ನೋಡಬಹುದು. ಮಳೆಯ ಮರುದಿನ ದಾರಿಯೆಲ್ಲಾ ಕೆಸರು. ಸೀರೆ ಉಟ್ಟವರನ್ನು, ಚಪ್ಪಲಿ ಹಾಕಿದವರನ್ನು ಅವತ್ತು ಕರೆದುಕೊಂಡು ಹೋಗಬೇಡಿ.

ಊರಿಂದ ಬಂದವರಿಗೆ ಒಂದೇ ನೋಟ ತೋರಿಸಬೇಕು ಅಂದರೆ ನಾನು ಗ್ರಿನಿಚ್ ಪಾರ್ಕ್ ಅನ್ನೇ ಹೇಳುತ್ತೇನೆ. ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿ ಹತ್ತಿ ಥೇಮ್ಸ್ ನದಿಯಲ್ಲೇ ಹೋಗಬಹುದು. ಆ ಪ್ರಯಾಣವೇ ಅರ್ಧ ಖುಷಿ. ಗುಡ್ಡದ ಮೇಲೆ 1675ರಲ್ಲಿ ಶುರುವಾದ ಖಗೋಳ ವೀಕ್ಷಣಾಲಯ ಇದೆ. ಶಾಲೆಯಲ್ಲಿ ಉರುಹೊಡೆದ ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವುದು ಇಲ್ಲೇ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ ಅಂತ ಲೆಕ್ಕ ಹಾಕುವುದೂ ಇಲ್ಲಿಂದಲೇ. ಅಂಗಳದಲ್ಲಿರುವ ರೇಖೆಯ ಎರಡೂ ಬದಿಗೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಟಿಕೆಟ್ ಬೇಕು. ಅದು ಬೇಡ ಅಂದರೆ ಹೊರಗಿನ ಗೋಡೆಯ ಮೇಲೂ ರೇಖೆಯ ಗುರುತು ಇದೆ, ಅದಕ್ಕೆ ದುಡ್ಡಿಲ್ಲ. ಮೇಲೆ ನಿಂತರೆ ಕೆಳಗೆ ಬಿಳಿ ಕಲ್ಲಿನ ಹಳೆಯ ಕಟ್ಟಡಗಳು, ಅದರಾಚೆ ನದಿ, ನದಿಯಾಚೆ ಕ್ಯಾನರಿ ವಾರ್ಫ್‌ನ ಗಾಜಿನ ಗೋಪುರಗಳು.

ದೋಣಿ ಇಳಿದು ಬರುವ ಕಡೆಯಿಂದ ಏರು ಜಾಸ್ತಿ. ನಮ್ಮಮ್ಮ ಅರ್ಧಕ್ಕೇ ನಿಂತುಬಿಟ್ಟರು. ಎರಡನೇ ಸಲ ಬ್ಲ್ಯಾಕ್‌ಹೀತ್ ಕಡೆಯ ಗೇಟಿನಿಂದ ಕರೆದುಕೊಂಡು ಹೋದೆ. ಅಲ್ಲಿಂದ ವೀಕ್ಷಣಾಲಯದವರೆಗೆ ನೆಲ ಸಮವಾಗಿದೆ, ಹತ್ತುವ ಮಾತೇ ಇಲ್ಲ. ವಯಸ್ಸಾದವರಿದ್ದರೆ ಆ ಗೇಟು ನೆನಪಿಟ್ಟುಕೊಳ್ಳಿ.

ಜಿಂಕೆ ನೋಡಲು

ರಿಚ್ಮಂಡ್ ಪಾರ್ಕ್ 2,500 ಎಕರೆ. ಮೊದಲನೇ ಚಾರ್ಲ್ಸ್ 1637ರಲ್ಲಿ ಬೇಟೆಗೆ ಅಂತ ಗೋಡೆ ಕಟ್ಟಿಸಿ ಜಿಂಕೆ ಬಿಟ್ಟ. ಈಗ ಆರುನೂರಕ್ಕೂ ಜಾಸ್ತಿ ಇವೆ, ಯಾವ ಬೇಲಿಯೂ ಇಲ್ಲದೆ ಓಡಾಡಿಕೊಂಡು. ಅಕ್ಟೋಬರ್‌ನ ಬೆಳಗ್ಗೆ ಹೋದರೆ ಗಂಡು ಜಿಂಕೆಗಳು ಒಂದನ್ನೊಂದು ಕೆಣಕಿ ಗೂಳಿಯ ಹಾಗೆ ಕೂಗುವುದು ಕೇಳಿಸುತ್ತದೆ. ಬಾಯಿಂದ ಬಿಳಿ ಹಬೆ, ಕೊಂಬಿಗೆ ಒಣಗಿದ ಜರಿಗಿಡದ ಎಲೆ ಸಿಕ್ಕಿಕೊಂಡಿರುತ್ತದೆ. ಕನಿಷ್ಠ 50 ಮೀಟರ್ ದೂರ ನಿಲ್ಲಬೇಕು. ಮೇ, ಜೂನ್‌ನಲ್ಲಿ ಮರಿ ಹಾಕುವ ಕಾಲ, ಆಗಲೂ ಅಷ್ಟೇ ಹುಷಾರು. ಫೋಟೋ ಆಸೆಗೆ ಹತ್ತಿರ ಹೋಗುವವರನ್ನು ನೋಡಿದಾಗ ನನಗೆ ನಿಜಕ್ಕೂ ಭಯ ಆಗುತ್ತದೆ.

ಏಪ್ರಿಲ್ ಕೊನೆ, ಮೇ ಮೊದಲ ವಾರ ಹೋದರೆ ಒಳಗಿರುವ ಇಸಾಬೆಲ್ಲಾ ಪ್ಲಾಂಟೇಷನ್‌ಗೇ ನೇರ ನಡೆಯಿರಿ. ತೊರೆಯ ಎರಡೂ ದಡಕ್ಕೆ ಅಜೇಲಿಯಾ ಹೂವು, ಗುಲಾಬಿ, ಕೇಸರಿ, ಕಡು ಕೆಂಪು, ನೀರಿನಲ್ಲೂ ಅದೇ ಬಣ್ಣ. ಇನ್ನೊಂದು ಕಡೆ ಕಿಂಗ್ ಹೆನ್ರಿ ದಿಬ್ಬ. ಅಲ್ಲಿ ಗಿಡದ ಬೇಲಿಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಅದರೊಳಗಿಂದ ನೋಡಿದರೆ 16 ಕಿಲೋಮೀಟರ್ ಆಚೆಯ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ. ಆ ನೋಟಕ್ಕೆ ಅಡ್ಡ ಬರುವ ಕಟ್ಟಡ ಕಟ್ಟುವ ಹಾಗಿಲ್ಲ.

ಆದರೆ ರಿಚ್ಮಂಡ್ ತುಂಬಾ ದೊಡ್ಡದು. ಸ್ಟೇಷನ್‌ನಿಂದ ಬಸ್ ಹತ್ತಬೇಕು, ಒಳಗೆ ಮೈಲಿಗಟ್ಟಲೆ ನಡೆಯಬೇಕು. ಅಷ್ಟು ಆಗದವರಿಗೆ ಬುಷಿ ಪಾರ್ಕ್ ಇದೆ, ಹ್ಯಾಂಪ್ಟನ್ ಕೋರ್ಟ್ ಅರಮನೆಯ ಎದುರಿಗೆ. ಅಲ್ಲೂ ಜಿಂಕೆಗಳಿವೆ, ನೆಲ ಸಮತಟ್ಟು, ಅರಮನೆಯನ್ನೂ ಅದೇ ದಿನ ನೋಡಬಹುದು. ಈಗ ದೇಶ ದೇಶಗಳಲ್ಲಿ ಶನಿವಾರ ಬೆಳಗ್ಗೆ ನಡೆಯುವ ಪಾರ್ಕ್‌ರನ್ ಓಟ 2004ರಲ್ಲಿ ಶುರುವಾದದ್ದು ಇಲ್ಲೇ. ಓಡುವ ಅಭ್ಯಾಸ ಇರುವವರು ಶನಿವಾರ ಒಂಬತ್ತಕ್ಕೆ ಹೋಗಿ ಸೇರಿಕೊಳ್ಳಿ, ದುಡ್ಡು ಕೇಳುವುದಿಲ್ಲ.

ಹಾಲೆಂಡ್ ಪಾರ್ಕ್‌ನ ಕ್ಯೋಟೊ ಗಾರ್ಡನ್ 1991ರದ್ದು. ಪುಟ್ಟ ಜಲಪಾತ, ಬಣ್ಣದ ಮೀನು, ಸುತ್ತ ನವಿಲುಗಳು. ಫೋಟೋಗೆ ಚೆನ್ನ, ಮುಕ್ಕಾಲು ಗಂಟೆ ಸಾಕು. ಔಷಧಿ ಗಿಡಗಳಲ್ಲಿ ಆಸಕ್ತಿ ಇರುವವರಿಗೆ 1673ರ ಚೆಲ್ಸಿ ಫಿಸಿಕ್ ಗಾರ್ಡನ್ ಇದೆ, ಅದಕ್ಕೆ ಟಿಕೆಟ್ ಬೇಕು.

ಯಾವ ಪಾರ್ಕ್ ಆದರೂ ಬೆಳಕು ನೋಡಿಕೊಂಡು ಹೊರಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಎಷ್ಟೋ ಪಾರ್ಕ್‌ಗಳ ಗೇಟೂ ಕತ್ತಲಾಗುವ ಹೊತ್ತಿಗೆ ಮುಚ್ಚುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಲು ಅಡ್ಡಿ ಇಲ್ಲ. ನಾವು ಚಿತ್ರಾನ್ನ, ಚಪಾತಿ ಪಲ್ಯ ಒಯ್ಯುತ್ತೇವೆ. ಹುಲ್ಲು ಸದಾ ಒದ್ದೆ ಇರುವುದರಿಂದ ಪ್ಲಾಸ್ಟಿಕ್ ಹಾಳೆ ಮರೆಯಬೇಡಿ.

ಇನ್ನು ವೆಸ್ಟ್‌ಮಿನ್‌ಸ್ಟರ್ ಕಡೆ ಹೋದ ದಿನ ಅರ್ಧ ಗಂಟೆ ಮಿಕ್ಕಿದರೆ, ನದಿ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬನ್ನಿ. ಅದನ್ನು ಪಾರ್ಕ್ ಅನ್ನುವ ಹಾಗೂ ಇಲ್ಲ. ನದಿ ದಂಡೆಯ ಒಂದು ಪಟ್ಟಿ ಹಸಿರು, ಒಂದೆರಡು ಬೆಂಚು. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲಂಡನ್‌ನ ಈ ಭಾಗಕ್ಕೆ, ಅಂದರೆ ಲ್ಯಾಂಬೆತ್‌ಗೆ, ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲ ಅವರ ಓಡಾಟದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಪ್ರತಿಮೆ ಹತ್ತಿರ ನದಿಗೆ ಮುಖ ಮಾಡಿ ನಿಂತರೆ ಬಲಗಡೆ, ಆಚೆ ದಡದಲ್ಲಿ, ಪಾರ್ಲಿಮೆಂಟ್ ಗೋಪುರಗಳು ಕಾಣುತ್ತವೆ. ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಎಲ್ಲಿಗೆ ಹೋಗೋಣ ಅಂತ ಕೇಳಿದೆ. ಕ್ಯೂ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲಿಗೆ ಅಂದರು. ಫ್ಲಾಸ್ಕ್‌ನಲ್ಲಿ ಕಾಫಿ ತಂದಿದ್ದೆವು. ಬೆಂಚಿನ ಮೇಲೆ ಕೂತು ಕುಡಿದು, ದೋಣಿಗಳನ್ನು ನೋಡಿಕೊಂಡು, ಕತ್ತಲಾಗುವ ಮೊದಲು ವಾಕ್ಸಾಲ್ ಸ್ಟೇಷನ್ ಕಡೆ ನಡೆದೆವು.